ಗೇರು ಹಾಕುವವನಾರು?

ಆರಿದ್ರೆಯ ಮಳೆ ಹಿಡಿದು ಮೂರನೆಯ ದಿನ, ತೋಟಕ್ಕೆ ಆಳು ಬಾರದೆ, ಕರೆಂಟೂ ಇಲ್ಲದೆ, ಜಗಲಿಯ ಮೇಲೆ ಕುಳಿತು ಹೆಂಚಿನ ಅಂಚಿನಿಂದ ಸುರಿಯುವ ನೀರನ್ನು ನೋಡುವುದೊಂದನ್ನುಳಿದು ಬೇರೆ ಕೆಲಸವಿಲ್ಲದ ಒಂದು ಅಪರಾಹ್ಣದಲ್ಲಿ, ಮಂಗಳೂರಿನಲ್ಲಿ ನೌಕರಿಗಿದ್ದು ಶನಿವಾರ ಶನಿವಾರ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಬರುವ ನನ್ನ ತಮ್ಮನ ಮಗನು ನನ್ನ ಮುಂದೆ ಒಂದು ಪ್ರಶ್ನೆಯನ್ನು ತಂದಿಟ್ಟನು.

"ದೊಡ್ಡಪ್ಪ, ಎರಡು ಗಾಡಿ ನೋಡಿಟ್ಟಿದ್ದೇನೆ. ಯಾವುದು ತಗೊಳ್ಳೋದು ಅನ್ನೋದು ಆಮೇಲಿನ ಮಾತು. ಗೇರು ನಾನು ಹಾಕಬೇಕಾ, ಅದೇ ಹಾಕ್ಕೊಳ್ಳಬೇಕಾ, ಅದನ್ನ ಮೊದಲು ಹೇಳಿ."

ಪ್ರಶ್ನೆ ಕಾರಿನದೆಂದು ಕೇಳಿದವನು ಬಗೆದಿದ್ದನು. ಕೇಳಿಸಿಕೊಂಡ ನನಗಾದರೋ ಇದು ಎಲ್ಲಿಯೋ ಹಳೆಯ ಪರಿಚಯದ್ದೆಂದು ತೋರಿತು. ನಡೆಯುವ ಕಾರ್ಯದಲ್ಲಿ ನಡೆಸುವವನ ಪಾಲೆಷ್ಟು, ಅವನನ್ನು ಮೀರಿದ್ದರ ಪಾಲೆಷ್ಟು; ಮನುಷ್ಯನು ಬಿಗಿಯಾಗಿ ಹಿಡಿದುಕೊಂಡು ಪಾರಾಗಬೇಕೋ, ಕೈಬಿಟ್ಟು ಒಪ್ಪಿಸಿಕೊಂಡು ಪಾರಾಗಬೇಕೋ ಎಂಬ ವಿಚಾರಕ್ಕಾಗಿ ನಮ್ಮಲ್ಲಿ ಭಾಷ್ಯಗಳು ಹುಟ್ಟಿವೆ, ಮಠಗಳು ಬೇರೆಯಾಗಿವೆ, ಒಂದೇ ದೇವರ ಭಕ್ತರ ಹಣೆಯ ಮೇಲೆ ನಾಮದ ಆಕಾರವೇ ಎರಡಾಗಿದೆ. ಅಂಥ ಪ್ರಶ್ನೆಗೆ ಷೋರೂಮಿನ ಹುಡುಗನು ಹತ್ತು ನಿಮಿಷದಲ್ಲಿ ಉತ್ತರ ಹೇಳಿ ಕಳುಹಿಸಿದ್ದನೆಂದರೆ ನಮ್ಮ ಹುಡುಗನಿಗೆ ಸಮಾಧಾನವಾಗದಿದ್ದುದರಲ್ಲಿ ಆಶ್ಚರ್ಯವೇನು?

ಅವನು ನೋಡಿಬಂದಿದ್ದುದು ಅವನ ವಯಸ್ಸಿನವರು ಹಾಟ್ ಹ್ಯಾಚ್ ಎಂದು ಕರೆಯುವ ಜಾತಿಯ ಕಾರುಗಳನ್ನು. ಡಿಕ್ಕಿ ಪ್ರತ್ಯೇಕವಾಗಿ ಹಿಂದಕ್ಕೆ ಚಾಚಿಕೊಂಡಿರದ, ಹಿಂಬಾಗಿಲನ್ನೇ ಮೇಲೆತ್ತಿ ಸಾಮಾನು ತುಂಬುವ ಸಣ್ಣ ಸಂಸಾರದ ಕಾರಿಗೆ ಅದರ ಗಾತ್ರವನ್ನು ಮೀರಿದ ಎಂಜಿನ್ನನ್ನೂ ಬಿಗಿಯಾದ ಸಸ್ಪೆನ್ಷನ್ನನ್ನೂ ಕೊಟ್ಟರೆ ಈ ಜಾತಿಯದಾಗುತ್ತದೆ. ಗೃಹಸ್ಥನಾಗಿದ್ದುಕೊಂಡೇ ಸಂಜೆ ಗರಡಿಗೆ ಹೋಗಿಬರುವವನಂತೆ ಇದರ ಬಾಳು. ಫೋಕ್ಸ್‌ವ್ಯಾಗನ್ನಿನವರು 1975ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ತೋರಿಸಿ ಮರುವರ್ಷ ಮಾರಾಟಕ್ಕೆ ಬಿಟ್ಟ ಗಾಲ್ಫ್ ಜಿಟಿಐ ಈ ಕುಲಕ್ಕೆ ಹೆಸರು ತಂದಿತು. ನಮ್ಮ ದೇಶಕ್ಕೆ 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ ಏಳು ಗೇರಿನ ಆಟೋಮ್ಯಾಟಿಕ್ಕಿನಲ್ಲಿಯೇ ಬಂದಿತು. ಉತ್ಸಾಹದ ಕಾರೆಂದರೆ ಕೈಯಿಂದ ಗೇರು ಹಾಕುವುದೇ ಎಂದು ನಂಬಿದ್ದವರಿಗೆ ಅದೊಂದು ಸಣ್ಣ ಮತಾಂತರ. 2021ರಲ್ಲಿ ಹುಂಡೈಯವರ ಐ20 ಎನ್ ಲೈನ್ ಬಂದಾಗ ಅದರ ಒಂದು ಮಾದರಿಯಲ್ಲಿ ಕೈಗೆ ಗೇರಿನ ಕೋಲಿತ್ತು, ಕಾಲಿಗೆ ಕ್ಲಚ್ಚು ಇರಲಿಲ್ಲ. ಕೈ ಕೋಲನ್ನು ಸರಿಸತೊಡಗಿದೊಡನೆ ಯಂತ್ರವೇ ಕ್ಲಚ್ಚನ್ನು ಬಿಡಿಸುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಆ ಮಧ್ಯಮಮಾರ್ಗವನ್ನು ಕೈಬಿಟ್ಟು, ಮೂರು ಪೆಡಲಿನ ಆರು ಗೇರಿನದೊಂದು, ಎರಡು ಕ್ಲಚ್ಚುಗಳ ಏಳು ಗೇರಿನ ಆಟೋಮ್ಯಾಟಿಕ್ಕೊಂದು, ಹೀಗೆ ಎರಡನ್ನು ಉಳಿಸಿಕೊಂಡರು. 2024ರ ಜೂನಿನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರಿನದು ಒಂದೇ ಮಾತು: ಆರು ಗೇರು, ಹಾಕುವುದು ನೀನು.

ಹುಡುಗನು ನೋಡಿಟ್ಟಿದ್ದುದು ಎನ್ ಲೈನನ್ನೂ ರೇಸರನ್ನೂ. ಈ ಎರಡು ಕಾರುಗಳ ಬಲವನ್ನು ತೂಗಿ ನೋಡಿದರೆ ಮುಳ್ಳು ಎತ್ತಲೂ ವಾಲುವುದಿಲ್ಲ. ಒಂದರದು ಒಂದು ಲೀಟರಿನ ಟರ್ಬೊ ಎಂಜಿನ್ನು, ಇನ್ನೊಂದರದು 1.2 ಲೀಟರಿನದು, ಎರಡಕ್ಕೂ ಮೂರೇ ಸಿಲಿಂಡರು, ಎರಡಕ್ಕೂ 120 ಅಶ್ವಶಕ್ತಿ, ಎಳೆತವು ಒಂದಕ್ಕೆ 172 ನ್ಯೂಟನ್ ಮೀಟರು, ಇನ್ನೊಂದಕ್ಕೆ 170. ಹಿಂದಿನ ಸೀಟಿನಲ್ಲಿ ಒಂದು ಮೂಟೆ ಕಾಫಿ ಹೇರಿದರೆ ಆ ಅಂತರ ಎಲ್ಲಿ ಹೋಯಿತೆಂದು ತಿಳಿಯದು. ಆದುದರಿಂದ ಹುಡುಗನು ಗೇರಿನ ಪ್ರಶ್ನೆಯನ್ನು ಮುಂದಕ್ಕೆ ತಂದದ್ದು ಯುಕ್ತವಾಗಿಯೇ ಇತ್ತು. ಟರ್ಬೊ ಎಂಜಿನ್ನಿಗೆ ಸುತ್ತು ಕಡಮೆಯಾದಾಗ ಮೈಯಲ್ಲಿ ಕಸುವಿರುವುದಿಲ್ಲ. ಘಾಟಿಯ ಹೇರ್‌ಪಿನ್ನಿನಲ್ಲಿ ಒಳಬದಿ ಹಿಡಿದು ಹತ್ತುವಾಗ ಒಂದು ಕ್ಷಣ ತಡವಾಗಿ ಗೇರು ಇಳಿಸಿದರೆ ಗಾಡಿ ಏದುಸಿರು ಬಿಡುತ್ತದೆ. ಆ ಕ್ಷಣ ಯಾರದು, ಚಾಲಕನದೋ ಪೆಟ್ಟಿಗೆಯದೋ, ಎಂಬುದೇ ಇಲ್ಲಿನ ವಿವಾದ.

ನಾನು ಗಾಡಿ ಕಲಿತದ್ದು ತೋಟದ ಹಳೆಯ ವಿಲ್ಲೀಸ್ ಜೀಪಿನಲ್ಲಿ. ಅದಕ್ಕಿದ್ದುದು ಮೂರು ಗೇರು. ಮೊದಲನೆಯದಕ್ಕೆ ಸಿಂಕ್ರೋ ಇಲ್ಲ. ಓಡುತ್ತಿರುವಾಗ ಅದನ್ನು ಮೊದಲನೆಯ ಗೇರಿಗೆ ತರಬೇಕಾದರೆ ಕ್ಲಚ್ಚು ತುಳಿದು ನ್ಯೂಟ್ರಲ್ಲಿಗೆ ತಂದು, ಕಾಲೆತ್ತಿ ಎಂಜಿನ್ನಿಗೆ ಒಂದಿಷ್ಟು ಉಸಿರು ಕೊಟ್ಟು, ಮತ್ತೆ ತುಳಿದು, ಹಲ್ಲಿಗೆ ಹಲ್ಲು ಕೂಡುವ ವೇಗವನ್ನು ಕಿವಿಯಿಂದಲೇ ಅಳೆದು ಕೋಲನ್ನು ನೂಕಬೇಕು. ತಪ್ಪಿದರೆ ಪೆಟ್ಟಿಗೆಯೊಳಗಿಂದ ಕಬ್ಬಿಣ ಕಡಿದಂತೆ ಸದ್ದು ಬರುತ್ತಿತ್ತು, ಪಕ್ಕದಲ್ಲಿ ಕುಳಿತ ಜೀಪಿನ ಡ್ರೈವರು ತನ್ನ ಹಲ್ಲೇ ಸವೆದಂತೆ ಮುಖ ಕಿವುಚುತ್ತಿದ್ದನು. "ದೂಡಬೇಡಿ, ಅದು ಹೋಗೋ ಹೊತ್ತಿಗೆ ಕೈ ಜೊತೆಗಿರಲಿ, ಸಾಕು" ಎಂಬುದು ಅವನ ಉಪದೇಶ. ಅಭ್ಯಾಸವಾಗಿ ಕೋಲು ಸದ್ದಿಲ್ಲದೆ ಒಳಸೇರಿದ ದಿನ ನನಗಾದ ಹಿಗ್ಗನ್ನು ಇಂದಿಗೂ ಮರೆತಿಲ್ಲ. ಜೊತೆಗೆ ಬಂದ ಅಹಂಕಾರವನ್ನೂ ಮರೆತಿಲ್ಲ. ಗುಡ್ಡವನ್ನು ಹತ್ತಿಸಿದವನು ನಾನು ಎಂಬ ಆ ಭಾವ ಬಹುಕಾಲ ನನ್ನ ಎಡಗಾಲಿನಲ್ಲಿ ಮನೆಮಾಡಿಕೊಂಡಿತ್ತು.

ಈ ಹಿಡಿಯುವಿಕೆಗೂ ಒಪ್ಪಿಸುವಿಕೆಗೂ ಶ್ರೀವೈಷ್ಣವರು ಎರಡು ಪ್ರಾಣಿಗಳನ್ನು ಸಾಕ್ಷಿಗೆ ಕರೆದಿದ್ದಾರೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಹಿಡಿದುಕೊಳ್ಳುತ್ತದೆ, ಬಿಟ್ಟರೆ ಬೀಳುತ್ತದೆ. ಇದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯನ್ನು ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಮರಿ ಏನನ್ನೂ ಮಾಡಬೇಕಾದುದಿಲ್ಲ. ಇದು ಮಾರ್ಜಾಲಕಿಶೋರ ನ್ಯಾಯ. ಮೊದಲನೆಯದನ್ನು ರಹಸ್ಯತ್ರಯಸಾರವನ್ನು ಬರೆದ ವೇದಾಂತದೇಶಿಕರ ವಡಗಲೆಯವರಿಗೂ, ಎರಡನೆಯದನ್ನು ಶ್ರೀವಚನಭೂಷಣವನ್ನು ಬರೆದ ಪಿಳ್ಳೈ ಲೋಕಾಚಾರ್ಯರ ತೆಂಗಲೆಯವರಿಗೂ ಹೇಳುವುದು ವಾಡಿಕೆ. ಭಗವಂತನ ಕೃಪೆ ಅಕಾರಣವಾದುದು, ಅದನ್ನು ಸಂಪಾದಿಸಲು ಹೊರಡುವುದೇ ಅದಕ್ಕೆ ಅಡ್ಡಿ ಎಂಬುದು ತೆಂಗಲೆಯವರ ಒಲವು. ಕೃಪೆ ಅವನದೇ ಆದರೂ, ಅದು ಇವನ ಮೇಲೆಯೇ ಇಳಿಯಲು ಇವನ ಕಡೆಯಿಂದ ಒಂದು ನೆವ, ಒಂದು ವ್ಯಾಜ ಬೇಕೆಂಬುದು ದೇಶಿಕರ ಪಕ್ಷ. ವ್ಯಾಜವೆಂದರೆ ಬೆಲೆಯಲ್ಲ, ಕೊಡುವವನಿಗೆ ಕೊಡಲು ಒದಗಿದ ಸಂದರ್ಭ, ಅಷ್ಟೆ.

ಮ್ಯಾನ್ಯುಯಲ್ಲು ಕೋತಿಯ ಮತ, ಆಟೋಮ್ಯಾಟಿಕ್ಕು ಬೆಕ್ಕಿನ ಮತ ಎಂದು ಇಲ್ಲಿಗೆ ಮಾತು ಮುಗಿಸಿ ಒಳಗೆ ಕಾಫಿಗೆ ಹೇಳಬಹುದಾಗಿತ್ತು. ಆದರೆ ಉಪಮಾನವನ್ನು ಪುಸ್ತಕದಲ್ಲಿ ಓದುವುದು ಒಂದು, ಅದರ ಬಾಲವನ್ನು ಕಣ್ಣಾರೆ ನೋಡುವುದು ಇನ್ನೊಂದು.

ಹಿಂದಿನ ವರ್ಷದ ಮಳೆಯಲ್ಲಿ ನಮ್ಮ ಗೋಡೌನಿನ ಗೋಣಿಚೀಲಗಳ ಹಿಂದೆ ಬೆಕ್ಕೊಂದು ಮೂರು ಮರಿ ಹಾಕಿತ್ತು. ಹೆಂಚು ಸೋರಿ ನೀರು ಬರತೊಡಗಿದ ಸಂಜೆ ಅದು ಮರಿಗಳನ್ನು ಒಂದೊಂದಾಗಿ ಅಟ್ಟಕ್ಕೆ ಸಾಗಿಸಿತು. ತಾಯಿಯ ಹಲ್ಲು ಕತ್ತಿಗೆ ತಾಗಿದೊಡನೆ ಮೊದಲೆರಡು ಮರಿಗಳ ಮೈ ಹತ್ತಿಯಂತೆ ಸಡಿಲವಾಯಿತು; ಹಿಂಗಾಲುಗಳು ಹೊಟ್ಟೆಗೆ ಮಡಿಸಿಕೊಂಡವು, ಬಾಲ ಒಳಕ್ಕೆ ಸುರುಳಿಯಾಯಿತು. ಮೂರನೆಯದಕ್ಕೆ ಏನು ತೋರಿತೋ, ಕೊಸರಾಡಿತು. ಏಣಿಯ ಎರಡನೆಯ ಮೆಟ್ಟಿಲಿನಲ್ಲಿ ತಾಯಿ ಅದನ್ನು ಕೆಳಗೆ ಬಿಟ್ಟಿತು. ಮತ್ತೆ ಎತ್ತಿತು, ಮತ್ತೆ ಬಿಟ್ಟಿತು. ಮೂರನೆಯ ಸಲ ಮರಿ ಕಾಲು ಮಡಿಸಿತು, ಮೇಲಕ್ಕೆ ಹೋಯಿತು. ಏನೂ ಮಾಡದಿರುವುದೆಂದು ಶಾಸ್ತ್ರಕಾರರು ಹೇಳಿದ್ದು ನಿಜವಾಗಿ ಒಂದು ಮಾಡುವಿಕೆಯೇ. ಕಾಲು ಮಡಿಸುವುದು ಮರಿಯ ಪಾಲಿನ ಕೆಲಸ. ಇತ್ತ ಸಿಲ್ವರ್ ಓಕಿನಿಂದ ಸಿಲ್ವರ್ ಓಕಿಗೆ ಹಾರುವ ಕೋತಿಯನ್ನು ಗಮನಿಸಿದರೆ, ಮರಿ ಎಷ್ಟೇ ಬಿಗಿಯಾಗಿ ಹಿಡಿದಿರಲಿ, ಹಾರುವ ಮೊದಲು ಒಮ್ಮೊಮ್ಮೆ ತಾಯಿ ತನ್ನ ಒಂದು ಕೈಯನ್ನು ಅದರ ಬೆನ್ನಿಗೆ ಒತ್ತಿಕೊಳ್ಳುವುದು ಕಾಣುತ್ತದೆ. ಹಿಡಿದಿದ್ದೇನೆಂದು ಮರಿ ಬಗೆದಿರುತ್ತದೆ. ತನ್ನನ್ನೂ ಹಿಡಿದಿದ್ದಾರೆಂಬುದು ಅದಕ್ಕೆ ತಿಳಿಯದು.

ಗೇರಿನ ಪೆಟ್ಟಿಗೆಯೂ ಹಾಗೆಯೇ. ಕ್ಯಾಡಿಲಾಕ್ ಕಾರಿನಲ್ಲಿ 1928ರಲ್ಲಿ ಸಿಂಕ್ರೋ ಬಂದ ಮೇಲೆ ಎರಡು ಹಲ್ಲುಗಾಲಿಗಳ ವೇಗವನ್ನು ಸರಿಹೊಂದಿಸುವ ಕೆಲಸವನ್ನು ಹಿತ್ತಾಳೆಯ ಉಂಗುರವೊಂದು ಸದ್ದಿಲ್ಲದೆ ವಹಿಸಿಕೊಂಡಿತು. ಇಂದು ಆರು ಗೇರನ್ನು ತಾನೇ ಹಾಕುತ್ತೇನೆಂದು ಬೀಗುವ ತರುಣನ ಬೆನ್ನಿಗೆ ಒತ್ತಿದ ತಾಯಿಯ ಕೈ ಅದು. ಆಟೋಮ್ಯಾಟಿಕ್ಕುಗಳಲ್ಲಿಯೂ ಪಂಗಡಗಳುಂಟು. ಎಣ್ಣೆಯೊಳಗೆ ಎದುರುಬದುರಾಗಿ ತಿರುಗುವ ರೆಕ್ಕೆಚಕ್ರಗಳ ಮೂಲಕ ಬಲ ಸಾಗಿಸುವುದೊಂದು. ಹಳೆಯ ಮ್ಯಾನ್ಯುಯಲ್ ಪೆಟ್ಟಿಗೆಗೇ ಯಂತ್ರದ ಕೈಕಾಲು ಜೋಡಿಸಿದ್ದು ಇನ್ನೊಂದು. ಮೂರನೆಯದಾದ ಎರಡು ಕ್ಲಚ್ಚಿನದರಲ್ಲಿ ಬೆಸ ಗೇರುಗಳನ್ನು ಒಂದು ಕ್ಲಚ್ಚೂ ಸಮ ಗೇರುಗಳನ್ನು ಇನ್ನೊಂದೂ ವಹಿಸಿಕೊಂಡಿರುತ್ತವೆ. ಮೂರನೆಯ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದನ್ನೋ ಎರಡನೆಯದನ್ನೋ ಊಹಿಸಿ ಸಿದ್ಧಮಾಡಿಟ್ಟುಕೊಂಡಿದ್ದು, ಸಮಯ ಬಂದಾಗ ಕಣ್ಣು ಮಿಟುಕಿಸುವುದರೊಳಗೆ ಕೈ ಬದಲಾಯಿಸುತ್ತವೆ. ಗೇರು ಹಾಕುವ ಚಾತುರ್ಯದಲ್ಲಿ ಮನುಷ್ಯನ ಎಡಗಾಲು ಇದಕ್ಕೆ ಸಮನಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ವರ್ಷ ಹಿಡಿಯಿತು.

ಆದರೆ ಊಹೆ ಬೇರೆ, ನೋಟ ಬೇರೆ. ಪೆಟ್ಟಿಗೆಗೆ ಗೊತ್ತಿರುವುದು ಚಕ್ರದ ವೇಗ, ಎಂಜಿನ್ನಿನ ಸುತ್ತು, ಚಾಲಕನ ಪಾದದ ಒತ್ತಡ; ಇಳಿಜಾರಿದೆಯೆಂದು ಗುರುತಿಸಬಲ್ಲ ಪೆಟ್ಟಿಗೆಗಳೂ ಉಂಟು. ಮುಂದಿನ ತಿರುವಿನಾಚೆ ಮಂಜಿನಲ್ಲಿ ಕೆಟ್ಟು ನಿಂತ ಲಾರಿಯಾಗಲಿ, ಧರೆ ಕುಸಿದು ರಸ್ತೆಗೆ ಬಂದ ಮಣ್ಣಾಗಲಿ ಅದರ ಅರಿವಿಗೆ ಎಟುಕುವುದಿಲ್ಲ. ನಡೆದುದನ್ನು ಅದು ಬಲ್ಲುದು. ಬರಲಿರುವುದನ್ನು ಕಾಣಬೇಕಾದವನು ಗಾಜಿನ ಹಿಂದೆ ಕುಳಿತವನೇ.

ಇದನ್ನು ನಾನು ಗ್ರಂಥದಿಂದ ಕಲಿತದ್ದಲ್ಲ. ಒಮ್ಮೆ ಸ್ನೇಹಿತರ ಆಟೋಮ್ಯಾಟಿಕ್ ಕಾರನ್ನು ಎರವಲು ಪಡೆದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕೋಲನ್ನು ಡಿ ಎಂಬಲ್ಲಿ ಇಟ್ಟು, ಇನ್ನು ನನ್ನದೇನೂ ಕೆಲಸವಿಲ್ಲವೆಂಬ ವೈರಾಗ್ಯದಿಂದ ಚಾರ್ಮಾಡಿಯನ್ನು ಇಳಿದೆನು. ಕಾಲು ಬ್ರೇಕಿನ ಮೇಲೆಯೇ ಇತ್ತು. ಅರ್ಧ ಘಾಟಿ ಇಳಿಯುವುದರೊಳಗೆ ಸುಟ್ಟ ವಾಸನೆ ಬಂದಿತು. ಇನ್ನೆರಡು ತಿರುವು ಕಳೆಯುವುದರೊಳಗೆ ಪೆಡಲು ನೆನೆದ ಮಣ್ಣನ್ನು ತುಳಿದಂತೆ ಒಳಕ್ಕೆ ಹೋಯಿತು. ಬುದ್ಧಿ ಬಂದು ಕೋಲನ್ನು ಎಲ್ ಎಂಬಲ್ಲಿಗೆ ಎಳೆದಾಗ ಎಂಜಿನ್ನು ಮೊರೆದು, ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದಂತೆ ಗಾಡಿ ತಡೆಯಿತು. ತಪ್ಪು ಗಾಡಿಯದಾಗಿರಲಿಲ್ಲ. ಹತ್ತುವ ಗೇರಿನಲ್ಲಿಯೇ ಇಳಿಯಬೇಕು, ಕೆಳಗೇರಿನಲ್ಲಿ ಎಂಜಿನ್ನೇ ತನ್ನ ಉಸಿರು ಬಿಗಿಹಿಡಿದು ಗಾಡಿಯ ಓಟಕ್ಕೆ ತಡೆಯಾಗುತ್ತದೆ ಎಂಬುದು ಘಾಟಿಯ ಲಾರಿ ಕ್ಲೀನರನಿಗೂ ಗೊತ್ತಿರುವ ಸಂಗತಿ. ಅದಕ್ಕಾಗಿ ಆ ಗಾಡಿಯಲ್ಲಿ ಎಲ್ ಎಂಬ ಒಂದಕ್ಷರವನ್ನು ಬರೆದಿಟ್ಟಿದ್ದರು. ನಾನು ಕೊಡಬೇಕಾಗಿದ್ದ ವ್ಯಾಜ ಅಷ್ಟೇ ಆಗಿತ್ತು. ಶರಣಾಗತಿಯೆಂದು ನಾನು ಬಗೆದಿದ್ದುದು ಬರಿಯ ಆಲಸ್ಯ. ಕಾಲು ಮಡಿಸುವಷ್ಟು ಕೆಲಸವನ್ನೂ ಮಾಡದ ಮರಿ ನಾನು.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನು ಕರ್ತೃವೇ ಅಲ್ಲವೇ ಎಂಬ ವಿಚಾರ ಬರುತ್ತದೆ. ಜೀವನು ಕರ್ತೃವಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರವೇ ವ್ಯರ್ಥವಾದೀತೆಂದು ಒಂದು ಕಡೆ ಹೇಳಿ, ಆ ಕರ್ತೃತ್ವವೂ ಪರಮಾತ್ಮನಿಂದಲೇ ಬಂದುದೆಂದು ಇನ್ನೊಂದು ಕಡೆ ಹೇಳಿ, ನಡುವೆ ಸೂತ್ರಕಾರರು ಒಬ್ಬ ಬಡಗಿಯನ್ನು ತಂದು ನಿಲ್ಲಿಸುತ್ತಾರೆ. ಮೂವರು ಆಚಾರ್ಯರು ಆ ಒಬ್ಬ ಬಡಗಿಯನ್ನು ಮೂರು ಬಗೆಯಾಗಿ ಕಂಡಿದ್ದಾರೆ. ಉಳಿ ಬಾಚಿಗಳು ಕೈಯಲ್ಲಿರುವವರೆಗೆ ಕರ್ತೃವಾಗಿ ದಣಿಯುವ ಬಡಗಿ ಅವನ್ನು ಕೆಳಗಿಟ್ಟು ಮನೆಗೆ ಬಂದಾಗ ಸುಖಿಯಾಗುತ್ತಾನೆ, ಆದುದರಿಂದ ಕರ್ತೃತ್ವವೆಂಬುದು ಉಪಾಧಿಯಿಂದ ಬಂದದ್ದು ಎಂದರು ಶಂಕರರು. ಉಪಕರಣಗಳು ಇದ್ದರೂ ಮನಸ್ಸಾದರೆ ಮಾಡುತ್ತಾನೆ, ಆಗದಿದ್ದರೆ ಬಿಡುತ್ತಾನೆ, ಆದುದರಿಂದ ಇಚ್ಛೆಯುಳ್ಳ ಆತ್ಮನೇ ಕರ್ತೃ ಎಂದರು ರಾಮಾನುಜರು. ಬಡಗಿಗೆ ಕೆಲಸ ಮಾಡಿಸುವ ಯಜಮಾನನೂ ಉಂಟು, ಬಡಗಿಯ ಕರ್ತೃತ್ವವೂ ಉಂಟು, ಎರಡೂ ಒಟ್ಟಿಗೆ ನಿಜ ಎಂದರು ಮಧ್ವರು. ಕಾಲಿಗೆ ಕ್ಲಚ್ಚಿರುವುದರಿಂದ ದಣಿದವನೂ, ಕ್ಲಚ್ಚಿದ್ದರೂ ಮನಸ್ಸಿಲ್ಲದೆ ಒಂದೇ ಗೇರಿನಲ್ಲಿ ಗುಡ್ಡವನ್ನು ನರಳಿಸುವವನೂ, ಪೆಟ್ಟಿಗೆಯೇ ಎಲ್ಲವನ್ನೂ ನೋಡಿಕೊಳ್ಳುವಾಗಲೂ ತನ್ನ ಪಾಲು ತಪ್ಪಿಸಿಕೊಳ್ಳಲಾರದವನೂ ಈ ಮೂವರು ಬಡಗಿಗಳಲ್ಲಿ ತಮ್ಮನ್ನು ಕಾಣಬಹುದು.

ನಾನು ಯಾವ ಮಠದವನೂ ಅಲ್ಲ. ಆದರೂ ಮೂರನೆಯ ಬಡಗಿ ನನಗೆ ಹತ್ತಿರದವನಾಗಿರುವುದಕ್ಕೆ ಕಾರಣ ನಮ್ಮ ನೆರೆಯ ಕಳಸದಲ್ಲಿದೆ. ಅಲ್ಲಿ ಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ಅಂಬುತೀರ್ಥದಲ್ಲಿ ಒಂದು ಹಿರಿಯ ಶಿಲೆಯಿದೆ. ಮಧ್ವಾಚಾರ್ಯರು ಒಂದೇ ಕೈಯಿಂದ ತಂದು ಇಟ್ಟ ಕಲ್ಲೆಂದು ಅದರ ಮೇಲೆ ಸಂಸ್ಕೃತದಲ್ಲಿ ಕೊರೆದಿದ್ದಾರೆ. ಹರಿಯ ಅಧೀನದಲ್ಲಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದೆಂದು ಬೋಧಿಸಿದ ಆಚಾರ್ಯರ ನೆನಪನ್ನು ಜನ ಉಳಿಸಿಕೊಂಡಿರುವುದು ಅವರ ತೋಳಿನ ಬಲದಲ್ಲಿ. ಎಲ್ಲವೂ ಅವನಿಂದ ಎಂದವರು ಅವನೇ ಎತ್ತಲಿ ಎಂದು ಕುಳಿತಿರಲಿಲ್ಲ. ಎತ್ತಿದವರು ನಾನೆತ್ತಿದೆ ಎನ್ನಲೂ ಇಲ್ಲ. ಪರಾಧೀನ ಕರ್ತೃತ್ವವೆಂಬ ಕಠಿನವಾದ ಮಾತಿಗೆ ಇದಕ್ಕಿಂತ ಗಟ್ಟಿಯಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಇಷ್ಟನ್ನೂ ಕೇಳಿ ಹುಡುಗನು, "ಹಾಗಾದರೆ ರ‍್ಯಾಲಿಯವರು ಯಾವ ಮತ, ದೊಡ್ಡಪ್ಪ?" ಎಂದನು. ಹಾಸ್ಯಕ್ಕೆ ಕೇಳಿದ್ದಾದರೂ ಪ್ರಶ್ನೆ ಒಳ್ಳೆಯದು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನ ತೋಟಗಳ ಮಣ್ಣುದಾರಿಯಲ್ಲಿ ನಡೆಯುತ್ತಿದ್ದ ವರ್ಷಗಳಲ್ಲಿ, 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ಪನ್ನು ಗೆದ್ದ ಗೌರವ್ ಗಿಲ್ ಓಡಿಸುತ್ತಿದ್ದುದು ಸ್ಕೋಡಾ ಫೇಬಿಯಾ, ಅದೂ ಮೂಲದಲ್ಲಿ ಹಿಂಬಾಗಿಲಿನ ಸಣ್ಣ ಕಾರೇ. ಅಂಥ ಗಾಡಿಯಲ್ಲಿ ಗೇರಿನ ಕೋಲು ಚಾಲಕನ ಕೈಯಲ್ಲಿಯೇ ಇರುತ್ತದೆ. ಹಿಂದಕ್ಕೆಳೆದರೆ ಒಂದು, ಮುಂದಕ್ಕೆ ನೂಕಿದರೆ ಇನ್ನೊಂದು. ಹಿಡಿಯುವ ಮತಕ್ಕೆ ಇದೇ ಶಿಖರವೆನ್ನೋಣವೆಂದರೆ, ಪಕ್ಕದ ಸೀಟಿನಲ್ಲಿ ಇನ್ನೊಬ್ಬನು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು, ಕಾಣದ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಬಿಗಿಯಾದುದು, ಆಚೆ ಏನಿದೆ ಎಂದು ಓದುತ್ತಿರುತ್ತಾನೆ. ಕಾಫಿ ಗಿಡಗಳ ಗೋಡೆ ಕಣ್ಣನ್ನು ಮುಚ್ಚಿರುವಲ್ಲಿ ಆ ಧ್ವನಿಯನ್ನು ನಂಬಿ ಚಾಲಕನು ವೇಗ ಇಳಿಸದೆ ನುಗ್ಗುತ್ತಾನೆ. ಅವನ ಕೈಕಾಲು ಕೋತಿಯದು, ಕಿವಿ ಬೆಕ್ಕಿನ ಮರಿಯದು. ನುಗ್ಗುವಷ್ಟು ನಂಬಿದವನಿಗೂ ಗೇರು ಇಳಿಸುವ ಕೆಲಸ ತಪ್ಪುವುದಿಲ್ಲ.

ಆದುದರಿಂದ ನಾನು ಹುಡುಗನಿಗೆ ಹೇಳಿದ್ದು ಇಷ್ಟು. ಗೇರು ಹಾಕುವುದನ್ನು ಒಪ್ಪಿಸುವುದರಲ್ಲಿ ಅವಮಾನವಿಲ್ಲ. ತಾನೇ ಹಾಕುವುದರಲ್ಲಿ ಮೋಕ್ಷವಿಲ್ಲ. ನೋಟವನ್ನು ಮಾತ್ರ ಒಪ್ಪಿಸಬೇಡ. ಮೂರು ಪೆಡಲಿನ ಗಾಡಿ ಕ್ಷಣಕ್ಷಣವೂ ಕೈಕಾಲನ್ನು ಬೇಡಿ ಮನಸ್ಸನ್ನು ರಸ್ತೆಯ ಮೇಲೆ ಕಟ್ಟಿಹಾಕುತ್ತದೆ, ಅದೇ ಅದರ ಉಪಕಾರ. ಆಟೋಮ್ಯಾಟಿಕ್ಕು ಕೈಕಾಲನ್ನು ಬಿಟ್ಟುಕೊಟ್ಟು ಮನಸ್ಸನ್ನು ನಿನ್ನ ವಶಕ್ಕೇ ಬಿಡುತ್ತದೆ, ಅದು ಉಪಕಾರವೋ ಅಪಾಯವೋ ನಿನ್ನನ್ನು ಅವಲಂಬಿಸಿದ್ದು. ಅಭ್ಯಾಸ ಸಾಲದವನಿಗೆ ಮೊದಲನೆಯದು ಗುರು. ಅಭ್ಯಾಸ ಗಟ್ಟಿಯಾದವನಿಗೆ ಎರಡನೆಯದು ಪರೀಕ್ಷೆ.

ಅವನು ಕೊಂಡದ್ದು ಆಟೋಮ್ಯಾಟಿಕ್ ಎನ್ ಲೈನನ್ನು. ನನ್ನ ಉಪನ್ಯಾಸದ ಫಲ ಇದಲ್ಲ. ಅವನ ತಾಯಿಗೆ ಎಡಮೊಣಕಾಲಿನ ನೋವು. ಕ್ಲಚ್ಚಿಲ್ಲದಿದ್ದರೆ ಆಕೆಯೂ ಮೂಡಿಗೆರೆ ಪೇಟೆಗೆ ತಾನೇ ಓಡಿಸಿಕೊಂಡು ಹೋಗಿಬರಬಹುದೆಂಬುದು ಅವನ ಲೆಕ್ಕ. ತತ್ತ್ವ ಅಪರಾಹ್ಣವೆಲ್ಲ ಜಗಲಿಯಲ್ಲಿ ಕುಳಿತು ಬಿಡಿಸಲಾರದ ಗಂಟನ್ನು ಒಂದು ಮೊಣಕಾಲು ಬಿಡಿಸಿತು.

ಗಾಡಿ ಬಂದ ಮೇಲೆ ಮೊದಲ ಭಾನುವಾರ ಅವನೊಡನೆ ಘಾಟಿ ಇಳಿದೆನು. ಮಳೆ ಬಿಟ್ಟಿತ್ತು, ಮಂಜು ಬಿಟ್ಟಿರಲಿಲ್ಲ. ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಲಾರಿಯವರು ನಿಲ್ಲಿಸುವಂತೆ ಅವನೂ ನಿಲ್ಲಿಸಿ, ಇಳಿದು ಕಾಣಿಕೆ ಹಾಕಿ, ಹೊಸ ಗಾಡಿಯ ಹಣೆಗೆ ಕುಂಕುಮ ಹಚ್ಚಿ ಬಂದು ಕುಳಿತನು. ಹೊರಡುವ ಮುನ್ನ ಸ್ಟಿಯರಿಂಗಿನ ಹಿಂದಿನ ಪ್ಯಾಡಲನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದನು. ಗಾಡಿ ಉರುಳಿ, ತಿರುವು ಕಾಣಿಸುವುದಕ್ಕೆ ಮೊದಲೇ ಅದನ್ನೆಳೆದು ಎರಡನೆಯ ಗೇರಿಗೆ ತಂದನು. ಎಂಜಿನ್ನು ಗುರುಗುಟ್ಟಿತು, ಬ್ರೇಕಿನ ಮೇಲೆ ಕಾಲಿರಲಿಲ್ಲ. ಕಾಣಿಕೆಯೂ ಸಂದಿತ್ತು, ಗೇರೂ ಇಳಿದಿತ್ತು. ಯಾವುದು ಯಾವುದಕ್ಕೆ ವ್ಯಾಜವೆಂದು ನಾನು ಕೇಳಲಿಲ್ಲ.